ಪೀಡೆಗೆ ‘ಹೋಗಿ ಬರ್ರಿ’ ಎಂದ ಪ್ರಕರಣ

ಸಾವು ಎಲ್ಲರಿಗೂ ಒಂದೇ ಸಲ ಬರುತ್ತದೆ. ಬಂದ ಮೇಲೆ ಮನುಷ್ಯನ ಮಾತು ಮುಗಿಯುತ್ತದೆ. ಇದರಷ್ಟು ಗಂಭೀರವಾದ ಸತ್ಯ ಇನ್ನೊಂದಿಲ್ಲವೆಂದು ನಾನೂ ನಂಬಿದ್ದೆ. ಆದರೆ ಹೋದ ವರ್ಷ ನನ್ನ ಕೈಗೆ ಸಿಕ್ಕ ಆಸಾಮಿ ತೊಂಬತ್ತಾರು ಪುಟಗಳಲ್ಲಿ ಐದು ಸಲ ಸತ್ತ, ಪ್ರತಿ ಸಲ ಸತ್ತ ಮೇಲೂ ಎರಡೆರಡು ವಾಕ್ಯ ಮಾತಾಡಿದ, ಆ ಹತ್ತೂ ವಾಕ್ಯಗಳನ್ನು ಕನ್ನಡಕ್ಕೆ ತರುವ ಹೊಣೆ ನನ್ನ ಮೇಲೆ ಬಿತ್ತು.

ನಾನು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಕೂತು ಕೋರ್ಟಿನ ಕಾಗದಪತ್ರ ಭಾಷಾಂತರಿಸುವವನು. ಮರಾಠಿ ಖರೀದಿಪತ್ರ, ಇಂಗ್ಲಿಷ್ ತೀರ್ಪು, ಯಾರದೋ ಅಜ್ಜನ ಮೃತ್ಯುಪತ್ರ. ಆ ಕಾಗದಗಳಲ್ಲೂ ಸತ್ತವರು ಬಹಳ ಮಾತಾಡುತ್ತಾರೆ. ಆದರೆ ಅವರು ಯಾರ ಕುತ್ತಿಗೆಗೂ ಸ್ವತಃ ಬಾಯಿ ಹಾಕುವುದಿಲ್ಲ. ಆ ಕೆಲಸವನ್ನು ವಾರಸುದಾರರಿಗೆ ಬಿಟ್ಟುಕೊಟ್ಟಿರುತ್ತಾರೆ.

ಬೆಂಗಳೂರಿನ ಒಂದು ಪ್ರಕಾಶನದವರು ಇಂಗ್ಲಿಷಿನ ಒಂದು ಹಳೆಯ ಭಯಾನಕ ಕಾಮಿಕ್ಸನ್ನು ಕನ್ನಡದಲ್ಲಿ ತರಲು ಹೊರಟಿದ್ದರು. ಅವರ ಸಂಪಾದಕಿ ನನ್ನ ಯಾವುದೋ ಬರಹ ಓದಿ ಫೋನ್ ಮಾಡಿ, ನೀವು ನಗದೇ ಬರೀತೀರ ಸರ್, ನಮಗೆ ಅದೇ ಬೇಕು ಎಂದರು. ಇದು ಹೊಗಳಿಕೆಯೋ ಆಪಾದನೆಯೋ ಎಂದು ತೀರ್ಮಾನವಾಗುವ ಮೊದಲೇ ನಾನು ಒಪ್ಪಿಕೊಂಡಾಗಿತ್ತು.

ಕಥೆ ಸರಳ. ಬೆಟ್ಟದ ಸೀಮೆಯ ಒಬ್ಬ ಜಹಗೀರದಾರ ಮುನ್ನೂರು ವರ್ಷದ ಹಿಂದೆ ಸತ್ತು, ಸದರಿ ಸಂಗತಿಯನ್ನು ಒಪ್ಪಿಕೊಳ್ಳದೆ, ಸಂಜೆಯಾದ ಮೇಲೆ ಪೆಟ್ಟಿಗೆಯಿಂದೆದ್ದು ಊರೂರು ತಿರುಗಿ ರಕ್ತ ಕುಡಿಯುತ್ತಾನೆ. ಅವನ ಬೆನ್ನು ಹತ್ತಿದವರು ಮೂವರು: ಒಬ್ಬ ಮುದಿ ಡಾಕ್ಟರು, ಈ ಜಹಗೀರದಾರನ ಬಾಯಿಗೆ ಗಂಡನನ್ನು ಕಳಕೊಂಡ ಒಬ್ಬ ಹೆಂಗಸು, ಇಬ್ಬರನ್ನೂ ಕೂರಿಸಿಕೊಂಡು ಹಿಮದಲ್ಲಿ ಗಾಡಿ ಓಡಿಸುವ ಟಾಂಗಾದವ. ಅವರ ಹತ್ತಿರ ಚೂಪಾದ ಗೂಟ, ಅದನ್ನು ಬಡಿಯಲು ಕೊಡತಿ, ಒಂದು ಚೀಲ ಬಳ್ಳೊಳ್ಳಿ. ಬಳ್ಳೊಳ್ಳಿಯ ವಾಸನೆ ಬಂದ ಕಡೆ ಅವನು ಸುಳಿಯುವುದಿಲ್ಲವಂತೆ. ಇದನ್ನು ಓದಿದ ದಿನ ನಾನು ನಮ್ಮ ಓಣಿಯನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದೆ. ಎಲ್ಲ ಮನೆಯಲ್ಲೂ ಬಳ್ಳೊಳ್ಳಿ ಚಟ್ನಿ ಕುಟ್ಟುತ್ತಾರೆ. ವೈಷ್ಣವರೆಂದು ಅದನ್ನು ಒಳಗೆ ಬಿಡದೆ ಇರುವವರು ನಾವೊಬ್ಬರೇ. ಅಂದರೆ ಇಡೀ ಓಣಿಯಲ್ಲಿ ರಕ್ಷಣೆಯಿಲ್ಲದ ಮನೆ ನಮ್ಮದೊಂದೇ. ಹೆಂಡತಿಗೆ ಹೇಳಿದೆ. ನಿಮ್ಮ ರಕ್ತಾ ಕುಡದ್ರ ಅವಗೂ ಕೋರ್ಟ್ ಹುಚ್ಚು ಹಿಡೀತದ, ಬಿಡ್ರಿ ಎಂದಳು.

ಇನ್ನೊಂದು ನಿಯಮವೂ ಇತ್ತು, ಇಡೀ ಕಥೆ ನಿಂತಿರುವುದು ಅದರ ಮೇಲೆಯೇ. ಮನೆಯವರು ಬಾಯಿ ಬಿಟ್ಟು ಕರೆಯದ ಹೊರತು ಅವನು ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಕರೆದರೆ ಮುಗಿಯಿತು, ಯಾವಾಗ ಬೇಕಾದರೂ ಬರಬಹುದು.

ಅವನನ್ನು ಏನೆಂದು ಕರೆಯುವುದು ಎಂಬುದಕ್ಕೇ ಮೊದಲ ವಾರ ಹೋಯಿತು. ಸಂಪಾದಕಿ ‘ರಕ್ತಪಿಶಾಚಿ’ ಎಂದು ಸೂಚಿಸಿದ್ದರು. ಓಡುತ್ತಿರುವ ಟಾಂಗಾದವ ಅಷ್ಟುದ್ದದ ಶಬ್ದ ಕೂಗಿ ಮುಗಿಸುವುದರೊಳಗೆ ಅದು ಕಾಡು ದಾಟಿರುತ್ತದೆ. ನಮ್ಮಲ್ಲಿ ಬೇಡದ ಯಾವುದು ಗಂಟು ಬಿದ್ದರೂ ಪೀಡಾ ಎನ್ನುತ್ತೇವೆ. ಎರಡೇ ಅಕ್ಷರ. ಅದನ್ನೇ ಇಟ್ಟೆ.

ಉಳಿದ ಮಾತೂ ಹಾಗೆಯೇ ನಮ್ಮ ಕಡೆಯದಾಯಿತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಡಾಕ್ಟರು ಬಾಯಿ ತೆರೆದರೆ ನಮ್ಮ ಓಣಿಯ ಹಾಗೆ ‘ಅದ’ ಎಂದರು, ಟಾಂಗಾದವ ಬಸ್‌ಸ್ಟ್ಯಾಂಡಿನವರ ಹಾಗೆ ‘ಐತಿ’ ಎಂದ. ಗಂಡ ಸತ್ತ ಹೆಂಗಸು ದೇವಣಗಾಂವದ ಕಡೆಯ ಒಕ್ಕಲಗಿತ್ತಿಯಂತೆ, ಒಂದೊಂದೇ ಶಬ್ದ ಕಡಿದು ಒಗೆದಂತೆ ಮಾತಾಡಿದಳು. ಪೀಡೆಯೂ ಮಾತಾಡಿತು, ಚಡಚಣದ ಹಳೆಯ ವಾಡೆಯ ಯಜಮಾನರ ಧಾಟಿಯಲ್ಲಿ.

ಕೆಲಸದ ಕ್ರಮ ಹೀಗೆ. ಕಾಮಿಕ್ಸಿನಲ್ಲಿ ಮಾತೆಲ್ಲ ಬಾಯಿಂದ ಹೊರಟ ಬಲೂನಿನೊಳಗೆ ಇರುತ್ತದೆ. ನಾನು ಪ್ರತಿ ಬಲೂನಿಗೆ ನಂಬರು ಹಾಕಿ, ರಟ್ಟನ್ನು ಅದೇ ಅಳತೆಗೆ ಕತ್ತರಿಸಿಟ್ಟುಕೊಂಡು, ಅದರ ಮೇಲೆ ಕನ್ನಡ ಬರೆದು ನೋಡುತ್ತಿದ್ದೆ. ಇಂಗ್ಲಿಷ್ ಅಕ್ಷರ ಇಟ್ಟಿಗೆಯಂತೆ ಒಂದರ ಮೇಲೊಂದು ಕೂರುತ್ತವೆ. ನಮ್ಮವಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿನ ಐದು ಸಾಲಿನ ಜಾಗದಲ್ಲಿ ಕನ್ನಡದ ಮೂರೇ ಸಾಲು ನಿಲ್ಲುತ್ತವೆ. ಆದ್ದರಿಂದ ಅರ್ಥವನ್ನು ನೋಡುವ ಮೊದಲು ಒತ್ತಕ್ಷರಗಳನ್ನು ಎಣಿಸಬೇಕು. ಒಂದು ಸಲ ಡಾಕ್ಟರು ‘ಪ್ರಾರ್ಥಿಸು’ ಅನ್ನಬೇಕಾದಲ್ಲಿ ಜಾಗ ಸಾಲದೆ ‘ಕೈ ಮುಗಿ’ ಎಂದರು. ದೇವರಿಗೆ ವ್ಯತ್ಯಾಸ ಗೊತ್ತಾಗಿರಲಾರದು.

ಕಂಪ್ಯೂಟರ್ ಅಕ್ಷರ ಕೂರಿಸಿ ನೋಡಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತಿತ್ತು. ಕೈಯಲ್ಲೇ ಬರೆಸೋಣ ಎಂದೆ, ಸಂಪಾದಕಿ ಮಾದರಿ ನೋಡಿ ಒಪ್ಪಿದರು. ಬರೆಯುವವರು ಮುದ್ದೇಬಿಹಾಳದ ಒಬ್ಬ ಪೇಂಟರು. ಒಂದು ಕಾಲಕ್ಕೆ ನಾಲತವಾಡದಿಂದ ಸಿಂದಗಿಯ ತನಕ ಹಿಟ್ಟಿನ ಗಿರಣಿ, ಕಿರಾಣಿ, ಅರಿವೆ ಅಂಗಡಿ ಯಾವುದರ ಬೋರ್ಡು ನೋಡಿದರೂ ಮೂಲೆಯಲ್ಲಿ ಅವರ ಸಣ್ಣ ಸಹಿ ಇರುತ್ತಿತ್ತು. ಫ್ಲೆಕ್ಸು ಬಂದ ಮೇಲೆ ಅವರಿಗೆ ಉಳಿದದ್ದು ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಮಕ್ಕಳ ಹೆಸರು ಬರೆಯುವುದು. ಅಂಥವರು ಖಾಲಿ ಬಲೂನುಗಳ ತೊಂಬತ್ತಾರು ಹಾಳೆಗಳನ್ನು ಕೈಗೆ ತೆಗೆದುಕೊಂಡು, ಮೊದಲ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ‘ರಾಯರ, ಒತ್ತಿಗೂ ಉಸರಾಡಾಕ ಜಾಗಾ ಬೇಕ್ರಿ’ ಎಂದರು. ಅಲ್ಲಿಂದ ಮೂರು ತಿಂಗಳು ತಮ್ಮ ಕುಂಚದ ಜಾಗದಲ್ಲಿ ನಿಬ್ಬು ಹಿಡಿದು, ತೊಂಬತ್ತಾರೂ ಹಾಳೆ ಬರೆದು ಮುಗಿಸಿದರು. ಕೊನೆಯ ಪುಟದ ಮೂಲೆಯಲ್ಲಿ ಸಹಿ ಹಾಕಬಹುದೇ ಎಂದು ಕೇಳಿದರು. ಹಾಕ್ರಿ ಎಂದೆ. ಹಾಕಿದರು.

ಹಾಳೆಗಳ ನಕಲು ಬೆಂಗಳೂರಿಗೆ ಹೋಯಿತು. ಒಂದು ಬುಧವಾರ ಮುಂಜಾನೆ ಸಂಪಾದಕಿಯ ಫೋನು ಬಂತು. ಅಕ್ಷರ ಬಹಳ ಚೆನ್ನಾಗಿದೆ ಎಂದು ಶುರು ಮಾಡಿದರು. ಕೋರ್ಟಿನಲ್ಲಿ ಇದ್ದವನಿಗೆ ಗೊತ್ತು, ತೀರ್ಪು ಹೊಗಳಿಕೆಯಿಂದ ಶುರುವಾದರೆ ಅರ್ಜಿ ವಜಾ.

‘ಸರ್, ಬೇಟೆಗಾರರು ಗಂಭೀರವಾದ ಪಾತ್ರಗಳು. ಅವರ ಬಾಯಲ್ಲಿ ಈ ಮಾತು ಬಂದ್ರೆ ಓದೋರು ನಗ್ತಾರೆ. ಎಲ್ಲಾ ಶಿಷ್ಟ ಕನ್ನಡಕ್ಕೆ ತಿರುಗಿಸೋಣ. ಬೇಕಾದ್ರೆ ಆ ಗೋರಿ ತೋಡೋನು ಮಾತ್ರ ನಿಮ್ಮ ಕಡೆ ಮಾತಾಡ್ಲಿ.’

ಗೋರಿ ತೋಡುವವ ಹನ್ನೆರಡನೇ ಪುಟದಲ್ಲಿ ಬರುತ್ತಾನೆ. ಎರಡೇ ಚೌಕ. ಮೊದಲನೆಯದರಲ್ಲಿ ಕುಡಿದಿರುತ್ತಾನೆ, ಎರಡನೆಯದರಲ್ಲಿ ತಾನು ತೋಡಿದ ಗುಂಡಿಗೆ ತಾನೇ ಬೀಳುತ್ತಾನೆ. ನಮ್ಮ ನಾಲ್ಕು ತಾಲೂಕುಗಳ ಪ್ರತಿನಿಧಿಯಾಗಿ ಸದರಿ ಆಸಾಮಿಯನ್ನು ಆರಿಸಲಾಗಿತ್ತು.

ನನಗೆ ಸಿಟ್ಟು ಬಂದರೆ ಮಾತು ಮೆತ್ತಗಾಗುತ್ತದೆ. ‘ನಮ್ಮ ಕಡೆ ಗಂಡ ಸತ್ತಾಕಿ ಇದೇ ಮಾತಿನೊಳಗ ಅಳ್ತಾಳಮ್ಮಾ’ ಎಂದೆ. ‘ಆವಾಗ ಯಾರೂ ನಗೂದಿಲ್ಲ.’

ಸಂಪಾದಕಿ ಕೆಟ್ಟವರಲ್ಲ. ಕೆಲಸವನ್ನು ಓದಿ ಮಾಡುವವರು, ಅದೇ ಕಷ್ಟ. ಅದಿರ್ಲಿ ಸರ್, ನಲವತ್ತೊಂದನೇ ಪುಟ ತೆಗೀರಿ ಎಂದರು.

ತೆಗೆದೆ. ಹಿಟ್ಟಿನ ಗಿರಣಿಯವನ ಹೆಂಡತಿ ಮಗಳನ್ನು ಮಲಗಿಸಿ ಬಾಗಿಲಿಗೆ ಬಂದಿದ್ದಾಳೆ. ಮೆಟ್ಟಿಲ ಕೆಳಗೆ ಮಳೆಯಲ್ಲಿ ಪೀಡೆ ನಿಂತಿದೆ, ಆಸರೆ ಕೇಳುತ್ತಿದೆ. ಅವಳಿಗೆ ಅವನು ಯಾರೆಂದು ಗೊತ್ತಿಲ್ಲ, ಆದರೂ ಮನಸ್ಸು ಒಪ್ಪದೆ ಮರ್ಯಾದೆಯಿಂದ ಬೀಳ್ಕೊಡುತ್ತಾಳೆ. ಇಂಗ್ಲಿಷಿನಲ್ಲಿ ಅವಳು ಆ ಹೊತ್ತಿನ ವಿದಾಯ ಹೇಳಿ ದೇವರು ಕಾಯಲಿ ಎನ್ನುತ್ತಾಳೆ. ನಾನು ಬರೆದದ್ದು: ‘ಆತ್ರಿ, ಹೋಗಿ ಬರ್ರಿ.’ ಮುಂದಿನ ಚೌಕದಲ್ಲಿ ಅವನು ಟೊಪ್ಪಿಗೆ ತೆಗೆದು, ಮತ್ತೆ ಬಂದೇ ಬರುವೆನೆಂದು ಬೆದರಿಸುತ್ತಾನೆ. ನಾನು ಬರೆದದ್ದು: ‘ಬರ್ತೇನ್ರಿ.’

‘ಈಗ ಐವತ್ತೆಂಟನೇ ಪುಟ ಸರ್. ಅವನು ವಾಪಸ್ ಬರ್ತಾನೆ, ಆದ್ರೆ ಒಳಗೆ ಹೋಗಕ್ಕಾಗಲ್ಲ, ಯಾಕಂದ್ರೆ ಅವಳು ಕರ್ದೇ ಇಲ್ಲ. ನೀವು ಕರೆಸಿಬಿಟ್ಟಿದೀರಲ್ಲ?’

ನೋಡಿದೆ. ಕರೆಸಿದ್ದೆ. ಬಾಯಿ ತುಂಬ ಕರೆಸಿದ್ದೆ. ಹುಟ್ಟಿದಾಗಿನಿಂದ ಹೊಸ್ತಿಲಲ್ಲಿ ನಿಂತವರಿಗೆ ಹೋಗಿ ಬರ್ರಿ ಅನ್ನದೆ ಕಳಿಸಿದ್ದು ಗೊತ್ತಿಲ್ಲದವನಿಗೆ ಅದು ಕರೆಯೆಂದು ಹೊಳೆಯುವುದಾದರೂ ಹೇಗೆ? ಆ ಪುಟ ಈಗ ನೋಡಿದರೆ, ಚಹಾ ಕುಡಿದು ಎದ್ದ ನೆರೆಮನೆಯವರನ್ನು ಬೀಳ್ಕೊಟ್ಟಂತೆ ಇತ್ತು. ಹದಿನೇಳು ಪುಟದ ನಂತರ ಅವನು ಸರಾಗವಾಗಿ ಒಳಗೆ ಬಂದು, ಮಲಗಿದ ಮಗುವನ್ನು ಎತ್ತಿಕೊಂಡು ಹೋದರೆ ಯಾವ ಕೋರ್ಟೂ ತಪ್ಪೆನ್ನುವಂತಿರಲಿಲ್ಲ. ಮುಂದಿನ ಮೂವತ್ತೆಂಟು ಪುಟಗಳ ಬೇಟೆ ವ್ಯರ್ಥ.

ನಿಮ್ಮ ಮಾತಿನಲ್ಲಿ ಈ ಕಥೆ ನಿಲ್ಲಲ್ಲ ಸರ್, ಅಲ್ಲಿ ‘ಶುಭರಾತ್ರಿ’ ಅಂತ ಹಾಕಿದ್ರೆ ಮುಗೀತು ಎಂದರು. ನಿಮ್ಮ ಕಡೆಯೂ ಹೋಗಿ ಬನ್ನಿ ಅಂತೀರಲ್ಲ ಎಂದೆ. ಅಂತೀವಿ, ಆದ್ರೆ ಪುಸ್ತಕದಲ್ಲಿ ಬೇರೆ ಹಾಕಬಹುದು ಎಂದರು. ಇಂಡಿಯಲ್ಲಿ ಇಂದಿಗೂ ಒಬ್ಬ ಗಿರಣಿಯವನ ಹೆಂಡತಿಯೂ ಒಬ್ಬರಿಗೂ ಶುಭರಾತ್ರಿ ಎಂದಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ ಎಂದೆ. ಅವರು ನಕ್ಕು, ಕಡೆಗೆ ನ್ಯಾಯವಾದ ಮಾತೊಂದನ್ನೇ ಆಡಿದರು. ಸೋಮವಾರ ಪುಟಗಳು ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ, ಅವಳು ಕರೆಯದೆಯೂ ಬಯ್ಯದೆಯೂ ಅವನನ್ನು ಕಳಿಸುವ, ನಮ್ಮ ಕಡೆ ಹೆಂಗಸರು ನಿಜವಾಗಿ ಆಡುವ ಒಂದು ಮಾತು ಹುಡುಕಿ ಕೊಟ್ಟರೆ ಇಡೀ ಪುಸ್ತಕ ನಮ್ಮ ಮಾತಿನಲ್ಲೇ, ಪೇಂಟರ ಅಕ್ಷರದಲ್ಲೇ ಬರಲಿ. ಸಿಗದಿದ್ದರೆ ಶಿಷ್ಟ ಕನ್ನಡ. ಆಗ ಮತ್ತೆ ಕೈಯಲ್ಲಿ ಬರೆಸಲು ವೇಳೆ ಇಲ್ಲ. ಕಂಪ್ಯೂಟರ್ ಅಕ್ಷರ, ಒತ್ತು ತಲೆಗೆ ಬಡಿದರೆ ಬಡಿಯಲಿ.

ಅಂದರೆ ತೊಂಬತ್ತಾರು ಹಾಳೆ ರದ್ದಿಗೆ. ಮೂಲೆಯಲ್ಲಿನ ಆ ಸಣ್ಣ ಸಹಿಯೂ.

ಪೇಂಟರಿಗೆ ಫೋನ್ ಮಾಡಿ ವಿಷಯ ತಿಳಿಸಿ, ‘ಹೋಗ್ರಿ’ ಅಂತಷ್ಟೇ ಬರೆದರೆ ಹೇಗೆ ಎಂದು ಕೇಳಿದೆ. ಅವರು ‘ಹೆಣ್ಣಮಗಳ ಬಾಯಾಗ ಅಂಥಾ ಮಾತು ನಾ ಬರ್ಯಾಂಗಿಲ್ರಿ ರಾಯರ’ ಎಂದರು. ಹಾಳೆ ರದ್ದಿಗೆ ಹೋಗ್ತಾವ ಎಂದೆ. ಹೋಗ್ಲಿ ಬಿಡ್ರಿ ಎಂದರು. ಆ ‘ಹೋಗ್ಲಿ’ ಹೇಳಿದ ರೀತಿಗೆ ಮುಂದೆ ಮಾತು ಬೆಳೆಸಲು ನನಗೆ ಧೈರ್ಯ ಬರಲಿಲ್ಲ.

ಮನೆಯಲ್ಲೇ ವಿಚಾರಣೆ ಶುರು ಮಾಡಿದೆ. ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ, ನಾನು ಕಟ್ಟೆಯ ಕೆಳಗೆ ನಿಂತು, ಅಪರಿಚಿತ ಗೃಹಸ್ಥನಂತೆ ಆಸರೆ ಕೇಳಿದೆ. ಅವಳು ತಡವರಿಸದೆ, ಯಜಮಾನರು ಮನ್ಯಾಗಿಲ್ರಿ, ನಾಳೆ ಬರ್ರಿ ಎಂದಳು. ಕರೆಯಬಾರದು ಎಂದೆ. ಹಂಗಾರ ಆಮ್ಯಾಲೆ ಬರ್ರಿ ಎಂದಳು. ನಾಲ್ಕು ಸಲ ಪ್ರಯತ್ನಿಸಿ, ನಾಲ್ಕು ಸಲವೂ ಪೀಡೆಯನ್ನು ಮನೆಗೆ ಕರೆದಳು, ಒಮ್ಮೆ ಊಟಕ್ಕೆ. ಬರೀ ಹೋಗ್ರಿ ಅನ್ನು ಎಂದಾಗ ಅವಳಿಗೆ ಸಿಟ್ಟೇ ಬಂತು.

‘ಹೊಸ್ತಲದಾಗ ನಿಂತವರಿಗೆ ಹೋಗ್ರಿ ಅಂತಾರೇನ್ರಿ? ಹೋಗೂದಂದ್ರ ಯಾವುದು ಅಂತ ಗೊತ್ತಿಲ್ಲೇನು ನಿಮಗ?’

ಗೊತ್ತಿತ್ತು. ನಮ್ಮಲ್ಲಿ ಹೊರಟವನು ಬರ್ತೇನಿ ಎನ್ನುತ್ತಾನೆ. ಬರೀ ಹೋಗುವವನನ್ನು ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ.

ಶುಕ್ರವಾರ ಬೆಳಿಗ್ಗೆ ಹೊರಟೆ. ಹೇಗೂ ಆ ಪುಟವನ್ನು ಪೇಂಟರ ಮುಂದೆ ಇಟ್ಟು ತಿದ್ದಿಸಬೇಕಿತ್ತು. ದಾರಿಯಲ್ಲಿ ಮಾತು ಸಿಕ್ಕರೆ ಸಿಗಲಿ. ಫೋನಿನಲ್ಲಿ ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ, ಅದು ಸಾಕ್ಷಿಯಲ್ಲ. ಬಾಗಿಲಲ್ಲೇ ಕೇಳಬೇಕು. ನನ್ನ ಆಯುಧಗಳು: ಹೆಗಲಿಗೊಂದು ಅರಿವೆಯ ಚೀಲ, ಅದರಲ್ಲಿ ಆ ಹಾಳೆಯೊಂದಿಗೆ ಉಳಿದ ಹಾಳೆಗಳ ಕಟ್ಟು, ರಟ್ಟಿನ ಅಚ್ಚು, ಒಂದು ಪೆನ್ಸಿಲ್. ಕಾಮಿಕ್ಸಿನ ಮೂವರು ಬೇಟೆಗಾರರಿಗೆ ನಾಲ್ಕು ಕುದುರೆಯ ಗಾಡಿಯಿತ್ತು. ನನಗೆ ಸಿಂದಗಿ ಬಸ್ಸಿನಲ್ಲಿ ಹಿಂದಿನ ಗಾಲಿಯ ಮೇಲಿನ ಸೀಟು.

ಸಿಂದಗಿಯಲ್ಲಿ ಇಳಿದು ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ತಿಂಡಿಗೆ ಹೋದೆ. ಬಾಗಿಲಲ್ಲಿದ್ದ ಹೆಂಗಸು ನನ್ನನ್ನು ನೋಡಿದವಳೇ, ಸುಸಲಾ ತೀರೇತ್ರಿ ಎಂದಳು. ನಾನು ಉಸಿರು ಬಿಗಿಹಿಡಿದೆ. ‘ನಾಳೆ ಲಗೂನ ಬರ್ರಿ’ ಎಂದಳು. ಬರೀ ಕರೆದದ್ದಲ್ಲ, ಬೇಗ ಕರೆದಿದ್ದಳು. ಉಸಿರು ಬಿಟ್ಟು, ಒಂದು ಚಹಾ ಕುಡಿದು ಬಸವನ ಬಾಗೇವಾಡಿ ಬಸ್ಸು ಹತ್ತಿದೆ.

ಬಾಗೇವಾಡಿಯಲ್ಲಿ ನನ್ನದೊಂದು ದಾಖಲೆಯ ನಕಲು ಬಾಕಿಯಿತ್ತು. ಕಚೇರಿಯ ಹೆಸರು ಇಲ್ಲಿ ಅನಗತ್ಯ. ಮನುಷ್ಯ ಬರುವುದು ಬೇಡ ಎಂಬ ಅಭಿಪ್ರಾಯವನ್ನು ಕಚೇರಿಗಿಂತ ಚೆನ್ನಾಗಿ ಹೇಳುವ ಜಾಗ ಇನ್ನೊಂದಿಲ್ಲವೆಂಬ ಭರವಸೆಯಿಂದಲೇ ಮೆಟ್ಟಿಲು ಹತ್ತಿದೆ. ಗುಮಾಸ್ತರು ತಲೆಯೆತ್ತದೆ, ‘ಸಾಹೇಬರು ಊಟಕ್ಕ ಹೋಗ್ಯಾರ, ಸೋಮವಾರ ಬರ್ರಿ’ ಎಂದರು. ನನಗೆ ನಕಲು ಸಿಗದ್ದಕ್ಕಿಂತ ಹೆಚ್ಚಾಗಿ ಆ ‘ಬರ್ರಿ’ಯಿಂದ ನಿರಾಶೆಯಾಯಿತು. ಈ ಸೀಮೆಯಲ್ಲಿ ಒಬ್ಬನಿಗಾದರೂ ಇನ್ನೊಬ್ಬನನ್ನು ಕರೆಯದೆ ಕಳಿಸಲು ಬರುವುದಿಲ್ಲ. ಪೀಡೆ ಬೆಟ್ಟದ ಸೀಮೆಯಲ್ಲಿ ಮುನ್ನೂರು ವರ್ಷ ಮಳೆಯಲ್ಲಿ ನಿಂತು ಕಳೆದದ್ದು ಅದರ ಹಣೆಬರಹ. ಒಂದು ಸಲ ವಿಜಯಪುರ ಜಿಲ್ಲೆಗೆ ಬಂದಿದ್ದರೆ ಮನೆಮನೆಯಲ್ಲೂ ಮಣೆ ಹಾಕಿಸಿಕೊಂಡು ಕೂರುತ್ತಿತ್ತು.

ಮುದ್ದೇಬಿಹಾಳ ಬಸ್ಸಿನಲ್ಲಿ ಕೂತು, ಸೋತೆನೆಂದು ಸಂಪಾದಕಿಗೆ ಬರೆಯಬೇಕಾದ ಪತ್ರದ ಒಕ್ಕಣೆ ಮಾಡಿಕೊಂಡೆ. ಒಕ್ಕಣೆ ಚೆನ್ನಾಗಿ ಬಂತು. ಅದನ್ನು ಪೇಂಟರಿಗೆ ಓದಿ ಹೇಳುವುದನ್ನು ನೆನೆದಾಗ ಮಾತ್ರ ಚೆನ್ನಾಗಿರಲಿಲ್ಲ.

ಮಧ್ಯಾಹ್ನ ಮೂರರ ಬಿಸಿಲು. ಎರಡು ದಿನ ಗಡ್ಡ ಹೆರೆದಿರಲಿಲ್ಲ. ಮೂರು ಬಸ್ಸಿನ ಧೂಳು ಧೋತರದ ಮೇಲೆ. ಪೇಂಟರ ಮನೆಯ ಬಾಗಿಲು ತೆರೆದಿತ್ತು, ಒಳಗೆ ಹೊಸ್ತಿಲಿನ ಬಳಿ ಅವರ ತಾಯಿ ಕೂತು ಅಕ್ಕಿ ಆರಿಸುತ್ತಿದ್ದರು. ಕಣ್ಣಿನಲ್ಲಿ ಪೊರೆ ಬಂದಿದೆಯೆಂದು ಪೇಂಟರು ಹಿಂದೆ ಹೇಳಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತು, ಹಾಳೆಯಿದ್ದ ಚೀಲವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಗಂಟಲು ಒಣಗಿದ್ದರಿಂದ ಸಣ್ಣ ದನಿಯಲ್ಲಿ ‘ಅವ್ವಾರ’ ಎಂದೆ.

ಅವರು ತಲೆಯೆತ್ತಿದರು. ನನ್ನತ್ತ ಒಂದು ಕ್ಷಣ ನೋಡಿದರು.

‘ಮುಂದ ಹೋಗಪಾ’ ಎಂದರು. ಮತ್ತೆ ಅಕ್ಕಿಗೆ ತಿರುಗಿದರು.

ಮೊದಲು ನನಗೆ ಅವಮಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಜಿಲ್ಲೆಯ ಅರ್ಧ ಜಮೀನಿನ ಕಾಗದಗಳು ನನ್ನ ಕೈಯಿಂದ ಹಾದುಹೋಗಿವೆ. ಹೆಸರು ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಅವರು ಕರೆದಿರಲಿಲ್ಲ. ಬೈದಿರಲಿಲ್ಲ. ಹೋಗು ಎಂದಿದ್ದರು, ಆದರೆ ಹೆಣದ ಹೋಗು ಅಲ್ಲ, ಮುಂದಕ್ಕೆ ಹೋಗು. ಭಿಕ್ಷೆಗೆ ಬಂದವರಿಗೆ ಮನೆಮನೆಯಲ್ಲೂ ದಿನವೂ ಅನ್ನುವ ಮಾತು. ನಮ್ಮ ಮನೆಯ ಬಾಗಿಲಿನಿಂದಲೂ ಸಾವಿರ ಸಲ ಕೇಳಿದ್ದೆ, ಅದು ನನ್ನ ಕಡೆ ತಿರುಗುವ ತನಕ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹೇಳಿಸಿಕೊಂಡ ಮೇಲೆ ನಿಲ್ಲುವುದು ಸರಿಯಲ್ಲ. ಮುಂದಿನ ಮನೆಗೆ ಹೋಗಿ, ಅವರ ಕಟ್ಟೆಯ ಮೇಲೆ ಕೂತು ಪೇಂಟರಿಗೆ ಫೋನ್ ಮಾಡಿದೆ. ಹಿತ್ತಲಿನಿಂದ ಓಡಿ ಬಂದರು. ವಿಷಯ ತಿಳಿದು ಅವರ ಮುಖ ಸಣ್ಣಗಾಯಿತು. ತಾಯಿಯ ಮುಂದೆ ಹೋಗಿ, ಯಾರಿಗೆ ಏನಂದಿ ಅಂತ ಗೊತ್ತೈತೇನ ಎಂದು ಕೂಗಿದರು. ಆಕೆ ಒಂದಿಷ್ಟೂ ಅಳುಕಲಿಲ್ಲ.

‘ಕೈ ಮುಂದ ಮಾಡಿ ನಿಂತ್ರ ಏನಂತ ತಿಳೀಬೇಕು ನಾ?’

ನಾನು ಅಲ್ಲೇ ಹೊಸ್ತಿಲ ಹೊರಗೆ ಕೂತು ಪಾಟಿಸವಾಲು ಆರಂಭಿಸಿದೆ. ಬೈದ್ರೇನ್ರಿ ನನಗ ಎಂದು ಕೇಳಿದೆ. ಬೈಯೂದ್ಯಾಕ, ಕೈಯಾಗ ಆರಿಸೂ ಅಕ್ಕಿ ಇತ್ತು, ಹೊಸ್ತಲದಾಗ ಕೂತು ಇಲ್ಲ ಅನಬಾರದು, ಅದಕ್ಕ ಮುಂದ ಹೋಗಂದೆ ಎಂದರು. ಹಾಗೆ ಅಂದ ಮೇಲೆ ಯಾರಾದರೂ ಒಳಗೆ ಬಂದದ್ದಿದೆಯೇ? ಮುಂದ ಹೋಗಂದ್ರ ಒಳಗ ಯಾಂವ ಬರ್ತಾನ, ಹುಚ್ಚೇನು ಎಂದರು. ಕೊನೆಯದಾಗಿ ಮುಖ್ಯವಾದದ್ದನ್ನು ಕೇಳಿದೆ: ಬಂದವನು ರೇಷ್ಮೆ ಉಟ್ಟ ದೊಡ್ಡ ಸಿರಿವಂತ ಇದ್ದರೆ?

‘ಕೈ ಒಡ್ಡಿದ ಮ್ಯಾಲೆ ಅವ ಎಂಥಾ ಸಿರಿವಂತ?’ ಎಂದರು.

ಚೀಲದಿಂದ ಹಾಳೆ ತೆಗೆದೆ. ನಲವತ್ತೊಂದನೇ ಪುಟ, ನಾಲ್ಕನೇ ಚೌಕ. ಮೂರು ತಿಂಗಳಿಂದ ನಾನು ಅವನ ಟೊಪ್ಪಿಗೆ ನೋಡಿದ್ದೆ, ಮೇಲಂಗಿಯ ಅಂಚು ನೋಡಿದ್ದೆ, ಹಲ್ಲು ನೋಡಿದ್ದೆ. ಅವನ ಬಲಗೈ ಮುಂದೆ ಚಾಚಿತ್ತು, ಅಂಗೈ ಮೇಲೆ ಮಾಡಿ. ಅದನ್ನು ಬರೆದ ಚಿತ್ರಕಾರ ಎಲ್ಲಿಯವನೋ, ಅವನು ಅದನ್ನು ಮುಚ್ಚಿಟ್ಟಿರಲಿಲ್ಲ. ಕಣ್ಣಿಗೆ ಪೊರೆ ಬಂದವರಿಗೆ ರೇಷ್ಮೆ ಕಾಣುವುದಿಲ್ಲ, ಚಾಚಿದ ಕೈ ಕಾಣುತ್ತದೆ.

ಪೇಂಟರು ರಟ್ಟಿನ ಅಚ್ಚು ಇಟ್ಟು ಅಳೆದರು. ಎರಡು ಸಾಲು, ಒಂದೇ ಒಂದು ಒತ್ತೂ ಇಲ್ಲ. ‘ಆರಾಮ ಕುಂದರ್ತೈತ್ರಿ’ ಎಂದರು. ಹಳೆಯ ಮಾತಿನ ಮೇಲೆ ಬಿಳಿ ಬಳಿದು, ಊದಿ ಒಣಗಿಸಿ, ಬರೆದರು. ಅವರ ತಾಯಿ ಓದಿ ಹೇಳಲು ಹೇಳಿದರು. ಹೇಳಿದೆ. ಇದನ್ನ ಬರ್ಯಾಕ ಇಂಡಿಯಿಂದ ಬಂದ್ರೇನ್ರಿ ಎಂದು ಕೇಳಿದರು. ಹೌದೆಂದೆ. ಆಗ ಒಳಗೆ ಬರ್ರಿ ಎಂದು ಕರೆದು, ಚಹಾಕ್ಕಿಟ್ಟರು.

ಚಹಾ ಕುಡಿಯುವಾಗ ಪಕ್ಕದ ಚೌಕ ಕಣ್ಣಿಗೆ ಬಿತ್ತು. ‘ಬರ್ತೇನ್ರಿ.’ ಅದು ಹಾಗೇ ಇತ್ತು. ಭಿಕ್ಷುಕನಂತೆ ಕಳಿಸಿಕೊಂಡವನು ಆ ಮಾತು ಆಡಿದರೆ ಪಾಪ, ಒಳ್ಳೆಯ ಮನುಷ್ಯ ಎನಿಸುತ್ತದೆ. ಬೆದರಿಕೆ ಎಲ್ಲಿ? ನಮ್ಮ ಮಾತಿನಲ್ಲಿ ಬರ್ತೇನಿ ಎಂದರೆ ಹೊರಟೆ ಎಂದರ್ಥ. ನಿಜವಾಗಿ ಬರುತ್ತೇನೆಂದು ಹೆದರಿಸಲು ಅದರಲ್ಲಿ ಜಾಗವಿಲ್ಲ.

ಅಲ್ಲಿ ನನಗೆ ಆಸಾಮಿಯ ಸ್ವಭಾವ ಅರ್ಥವಾಯಿತು. ಇಷ್ಟು ದಿನ ಕೋರ್ಟಿನ ಕಾಗದಗಳಲ್ಲಿ ಅವನ ಜಾತಿಯವರನ್ನು ನೋಡುತ್ತಲೇ ಇದ್ದೆ. ‘ಬಾ’ ಎಂಬ ಶಬ್ದ ಬಾಯಿಂದ ಬೀಳುವ ತನಕ ಹೊಸ್ತಿಲಲ್ಲಿ ಕಾಯುವವನು. ಅನ್ನುವವರ ಮನಸ್ಸನ್ನಲ್ಲ, ಅಕ್ಷರವನ್ನು ಹಿಡಿಯುವವನು. ಅಂಥವನ ಬಾಯಲ್ಲಿ ನಮ್ಮ ಮಾತು ಇಟ್ಟದ್ದೇ ನನ್ನ ತಪ್ಪು. ಅವನು ಪುಸ್ತಕದಲ್ಲಿ ಬರೆದಂತೆ ಮಾತಾಡಬೇಕು, ಶಬ್ದಕ್ಕೆ ನಿಘಂಟಿನಲ್ಲಿ ಇದ್ದಷ್ಟೇ ಅರ್ಥ ಇಟ್ಟುಕೊಂಡು. ‘ಬರುತ್ತೇನೆ.’ ಬದುಕಿರುವವರೆಲ್ಲ ನಮ್ಮ ಮಾತಾಡಲಿ. ಸತ್ತವನೊಬ್ಬ ಶಿಷ್ಟ ಕನ್ನಡ ಮಾತಾಡಲಿ.

ಪೀಡೆಯ ಬಲೂನುಗಳನ್ನು ಎಣಿಸಿದೆವು. ಮೂವತ್ನಾಲ್ಕು. ಎಲ್ಲವನ್ನೂ ಬಿಳಿ ಬಳಿದು ಮತ್ತೆ ಬರೆಯಬೇಕು, ಎರಡು ದಿನದಲ್ಲಿ. ಪೇಂಟರು ಬೆರಳು ಮಡಚಿ ಲೆಕ್ಕ ಹಾಕಿ, ಅವನ ಅಕ್ಷರಾ ನೆಟ್ಟಗ, ಸರ್ಕಾರಿ ಬೋರ್ಡಿನಂಗ ಬರೀತೇನ್ರಿ, ಉಳದವರದು ದುಂಡಗಿರ್ಲಿ ಎಂದರು. ಅದು ನನಗೆ ಹೊಳೆದಿರಲಿಲ್ಲ.

ಪುಟದ ಫೋಟೋ ಕಳಿಸಿದ ಕಾಲು ತಾಸಿಗೆ ಸಂಪಾದಕಿಯ ಫೋನು ಬಂತು.

‘ಸರ್, ಮುಂದ ಹೋಗಪಾ ಓದಿ ನಗು ಬಂತು.’

‘ಯಾರ ಮ್ಯಾಲೆ ಬಂತಮ್ಮಾ?’

‘ಅವನ ಮೇಲೆ’ ಎಂದರು.

‘ಅವಳ ಮ್ಯಾಲೆ ಬರಲಿಲ್ಲಲ್ಲ.’

ಇಲ್ಲ ಎಂದರು. ನಾನು ಪೀಡೆಯ ಭಾಷೆಯ ವಿಚಾರ ತಿಳಿಸಿದೆ. ನೀವೇ ಹೇಳಿದಂತೆ ಗಂಭೀರವಾದ ಪಾತ್ರಕ್ಕೆ ಶಿಷ್ಟ ಕನ್ನಡ ಬೇಕು. ಈ ಪುಸ್ತಕದಲ್ಲಿ ಅವನಷ್ಟು ಗಂಭೀರನಾದವನು ಯಾರೂ ಇಲ್ಲ, ಮುನ್ನೂರು ವರ್ಷದಿಂದ ನಕ್ಕಿಲ್ಲ ಎಂದೆ.

‘ಸರ್, ಅಂದ್ರೆ ಅವನು ನನ್ನ ಥರ ಮಾತಾಡ್ತಾನಾ?’

‘ಇಲ್ಲಮ್ಮಾ. ನೀವು ಮಾತಾಡ್ತೀರಿ. ಅಂವಾ ಓದಿ ಹೇಳ್ತಾನ.’

ಈ ಸಲ ಅವರು ನಕ್ಕದ್ದು ಫೋನಿನಿಂದಾಚೆಗೆ ಪೇಂಟರ ತಾಯಿಗೂ ಕೇಳಿಸಿತು. ಗೋರಿ ತೋಡುವವನದನ್ನು ಏನು ಮಾಡೋಣ ಎಂದು ಕೇಳಿದರು. ಅವನು ಸತ್ತಿಲ್ಲ, ಬಿದ್ದಿದ್ದಾನಷ್ಟೇ, ಅವನೂ ನಮ್ಮವನೇ ಎಂದೆ. ಸರಿ ಸರ್, ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಎಂದು ಫೋನ್ ಇಟ್ಟರು.

ನಾನು ಆ ಎರಡು ದಿನ ಅಲ್ಲೇ ಉಳಿದೆ. ಪೇಂಟರು ಬರೆದರು, ನಾನು ಊದಿ ಒಣಗಿಸಿದೆ. ‘ಬರುತ್ತೇನೆ’ಯ ಒತ್ತು ಮೊದಲ ಸಲ ಬಲೂನಿನ ಅಂಚಿಗೆ ತಾಗಿತು, ಬಿಳಿ ಬಳಿದು ಎರಡನೆಯ ಸಲ ಬರೆದರು. ಭಾನುವಾರ ಮಧ್ಯಾಹ್ನ ಮೂವತ್ನಾಲ್ಕನೆಯದು ಮುಗಿಯಿತು. ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದೆವು. ನಾನು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿ, ಬರ್ತೇನ್ರಿ ಅವ್ವಾರ ಎಂದೆ. ಹೋಗಿ ಬರ್ರಿ ಎಂದರು.

ಪುಸ್ತಕ ಅಚ್ಚಾಗಿ ಬಂದಿದೆ. ಕೊನೆಯ ಪುಟದ ಮೂಲೆಯಲ್ಲಿ ಪೇಂಟರ ಸಹಿ ಇದೆ. ಐವತ್ತೆಂಟನೇ ಪುಟದಲ್ಲಿ ಅವನು ಹೊಸ್ತಿಲ ಹೊರಗೇ ನಿಂತಿದ್ದಾನೆ.